ನಾಲ್ಕು ಮಡಿಕೆ

ಜಪಾನಿನಿಂದ ದೊಡ್ಡ ಸಾಹೇಬರು ಬರ್ತಾರಂತ
ಫ್ಯಾಕ್ಟರಿಗೆ ಎರಡೆರಡು ಸಲ ಬ್ಲೀಚಿಂಗ್ ಹೊಡೆಸಿದರು.
ಹೂಗುಚ್ಛ ಹಿಡಿದ ಮ್ಯಾನೇಜರ್ ನಾಗ್ವೇಕರರು
ಕಾರಿನ ಬಾಗಿಲಿಗೆ ಓಡಿ
ಪುಣೆಯ ದುಭಾಷಿ ಹುಡುಗನ ಕೈಗೆ ಕೊಟ್ಟರು ಅದನ್ನು.
ಅವನು ಗಾಬರಿಯಾಗಿ ಹಿಂದಿನ ಸೀಟು ತೋರಿಸಿದ:
ಅಲ್ಲಿ ಹೆಂಗಸೊಬ್ಬಳು, ಐವತ್ತರ ಆಸುಪಾಸು,
ಸ್ವಂತ ಗಂಬೂಟು ಚೀಲದಲ್ಲಿ ಹಾಕಿಕೊಂಡು ಬಂದವಳು.

ಹಿಸಾಯೊ.
ನಮ್ಮ ಬಾಯಲ್ಲಿ ಮಧ್ಯಾಹ್ನದೊಳಗೆ ಈಸಕ್ಕ.

ನನ್ನದು ತೊಳೆಯುವ ವಿಭಾಗ. ಹನ್ನೊಂದು ವರ್ಷ.
ಬೈತಖೋಲದ ಧಕ್ಕೆಯಿಂದ ಬುಟ್ಟಿಗಟ್ಟಲೆ ಬರುತ್ತದೆ ರಾಣಿ ಮೀನು,
ನಸುಗೆಂಪು ಮೈ, ಪಕ್ಕೆಗುಂಟ ಹಳದಿ ಗೆರೆ,
ಹೆಸರಿಗೆ ತಕ್ಕ ಹಾಗೆ ಉಟ್ಟು ತೊಟ್ಟು.
ತಲೆ ತೆಗೆದು, ಮುಳ್ಳು ಬಿಡಿಸಿ, ಅರೆದು
ಐಸು ನೀರಲ್ಲಿ ಮೂರು ಸಲ ತೊಳೆಯಬೇಕು:
ಮೊದಲ ನೀರಿಗೆ ರಕ್ತ,
ಎರಡನೆಯದಕ್ಕೆ ನಾತ,
ಮೂರನೆಯದಕ್ಕೆ ತಾನು ಯಾವ ಮೀನು ಎಂಬುದೂ ಹೋಗಬೇಕು.
ಆಮೇಲೆ ಸಕ್ಕರೆ. ಹೌದು, ಸಕ್ಕರೆಯೇ, ಚಳಿ ತಡೆಯಲಿಕ್ಕೆ.
ಸಮುದ್ರದಾಚೆ ಅದಕ್ಕೆ ಕೆಂಪು ಬಳಿದು
ಏಡಿ ಅಂತ ಕರೆಯುತ್ತಾರಂತೆ.

ಬೇಯಿಸಿದ ಉಂಡೆಯಿಂದ ಈಸಕ್ಕ ತೆಳ್ಳಗೊಂದು ಬಿಲ್ಲೆ ಕೊಯ್ದಳು.
ಮಡಿಸಿದಳು. ಮತ್ತೊಮ್ಮೆ ಮಡಿಸಿದಳು.
ಬೆಳಕಿಗೆ ಹಿಡಿದಳು. ಬಿರುಕಿಲ್ಲ.
ನಾಲ್ಕು ಮಡಿಕೆಗೂ ಒಡೆಯದ್ದು ಮೊದಲ ದರ್ಜೆ.
ಸಾಲಿನ ತುದಿಯಿಂದ ಸಾಂವಳಿ ಅಂದಳು,
“ಹಾಗಾದರೆ ನಮ್ಮನ್ನೂ ರಫ್ತು ಮಾಡಬಹುದು.”
ದುಭಾಷಿ ಇದನ್ನು ದಾಟಿಸಲಿಲ್ಲ.
ಏನಂದಳು? ಏನಿಲ್ಲ.
ಈಸಕ್ಕ ಬಿಡಲಿಲ್ಲ.
ಕೇಳಿಸಿಕೊಂಡು ಅಂಗೈಯಿಂದ ಬಾಯಿ ಮುಚ್ಚಿಕೊಂಡಳು,
ಅಲ್ಲಿ ಹೆಂಗಸರು ಹಲ್ಲು ಕಾಣುವಂತೆ ನಗಬಾರದಂತೆ.
ಆಮೇಲೆ ಕೈ ತಾನೇ ಕೆಳಗಿಳಿಯಿತು.
ಆ ನಗುವಿಗೆ
ಕಂಪ್ರೆಸರ್ ಕೆಟ್ಟಿತೆಂದು ನಾಗ್ವೇಕರರು ಓಡಿ ಬಂದರು.

ಊಟಕ್ಕೆ ನಮ್ಮ ಬೆಂಚಿಗೇ ಬಂದು ಕೂತಳು.
ಕೆಲಸಕ್ಕೆ ಸೇರಿದಾಗ ಇಪ್ಪತ್ಮೂರು ಗಂಡಸರ
ಇಪ್ಪತ್ಮೂರು ಕಪ್ಪು ಬಾಯಿಪಾಠ ಮಾಡಿದ್ದಳಂತೆ,
ಯಾರದ್ದು ಕಡು ಚಹಾ, ಯಾರದ್ದು ತೆಳು.
ಬಸುರಾದಾಗ ಯಾರೂ ಬಿಡು ಅನ್ನಲಿಲ್ಲ,
ಬೀಳ್ಕೊಡುಗೆಯ ಹೂವು ಮಾತ್ರ ಮೊದಲೇ ತಂದಿಟ್ಟಿದ್ದರು.
ಎಂಟು ವರ್ಷದ ಮೇಲೆ ತಿರುಗಿ ಹೋದಾಗ
ತಾಸಿನ ಲೆಕ್ಕದ ಕೂಲಿ; ಬೆರಳಿಗೆ ಮಾತ್ರ ಮೀನಿನ ನೆನಪಿತ್ತು.

ಬೆರಳುದ್ದದ ಮುದ್ರೆ ತೆಗೆದು ತೋರಿಸಿದಳು. ಸಹಿಯ ಬದಲು ಅದು.
ಕೆತ್ತಿದ್ದು ಗಂಡನ ಮನೆತನದ ಹೆಸರು.
ಗಂಡನನ್ನು ಬಿಟ್ಟು ಒಂಬತ್ತು ವರ್ಷ.
ಹೆಸರು ಬಿಡಲಿಕ್ಕಾಗಿಲ್ಲ, ಕಾಗದಗಳೆಲ್ಲ ಅದರಲ್ಲೇ ಇವೆ.

ನಾನು ಕೊರಳ ಗುರುತಿನ ಚೀಟಿ ಎತ್ತಿ ಹಿಡಿದೆ:
ಸುಹಾಸಿನಿ. ಮದುವೆ ದಿನ ತಾಟಿನ ಅಕ್ಕಿಯಲ್ಲಿ
ಉಂಗುರ ಹಿಡಿದು ಅವರು ಬರೆದದ್ದು.
ಮೊದಲು ನಾನು ಭಾಮಿ.
ಹಾಗೆ ಕರೆಯುವವರು ಈ ದಂಡೆಯಲ್ಲಿ ಈಗ ಇಬ್ಬರು;
ಒಬ್ಬಳಿಗೆ ಮರೆವು.

ಸಂಜೆ ಮೇಜು ಒರೆಸುವಾಗ ಆ ಬಿಲ್ಲೆ ಸಿಕ್ಕಿತು.
ಇನ್ನೊಂದು ಸಲ ಮಡಿಸಿದೆ, ಎಂಟಕ್ಕೆ.
ಒಡೆಯಿತು.
ಒಡೆದಲ್ಲಿ ಮೂಸಿದೆ: ರಾಣಿ ಮೀನೇ.

ಗೇಟಿನ ಹೊರಗೆ ಮಗಳು ಪ್ರಣಾಲಿ ಕಾಯುತ್ತಿದ್ದಳು.
ಮೊಬೈಲಿನಲ್ಲಿ ಜಪಾನಿ ಕಾರ್ಟೂನು ನೋಡಿ ನೋಡಿ
ನಾಲ್ಕು ಮಾತು ಕಲಿತಿದ್ದಾಳೆ:
ಬಟ್ಟಲುಗಣ್ಣಿನ, ನೀಲಿ ಜಡೆಯ, ಗೇಣುದ್ದ ಲಂಗದ ಹುಡುಗಿಯರು
ಶಾಲೆ ಬಿಟ್ಟ ಮೇಲೆ ಲೋಕ ಉಳಿಸುತ್ತಾರೆ ಅದರಲ್ಲಿ.
ನರೆಗೂದಲು, ಗಂಬೂಟು ನೋಡಿ ಮುಖ ಸ್ವಲ್ಪ ಇಳಿಯಿತು.
ಆದರೂ ಮಾತಿನಲ್ಲಿ ಅರ್ಧ, ಕೈಸನ್ನೆಯಲ್ಲಿ ಅರ್ಧ ಕೇಳಿದಳು:
ನಿಮ್ಮಲ್ಲಿ ಹುಡುಗಿಯರು ಹಾರುತ್ತಾರಾ?

ಈಸಕ್ಕ ಬಿಲ್ಲೆ ನೋಡಿದಷ್ಟೇ ಹೊತ್ತು ಅವಳನ್ನು ನೋಡಿದಳು.
ಹದಿನೇಳರ ತನಕ, ಎಂದಳು. ಆಮೇಲೆ ಚಿತ್ರ ಬರೆಯುವವರು
ಬೇರೆಯವಳನ್ನು ಹುಡುಕಿಕೊಳ್ಳುತ್ತಾರೆ.

ಕಾರು ಬಿಣಗಾದ ಕಡೆ ತಿರುಗುವಾಗ
ಕಿಟಕಿ ಇಳಿಸಿ ಕೂಗಿದಳು, ಭಾಮಿ-ಸಾನ್!
ಯಾರದು ಭಾಮಿ, ಎನ್ನುತ್ತ
ನಾಗ್ವೇಕರರು ಹಾಜರಿ ಪಟ್ಟಿ ತಿರುವತೊಡಗಿದರು.